ಸಾಯಬಣ್ಣ ಬಿಚ್ಚದೆ ಬಿಟ್ಟ ಗಂಟು

ಶಹಾಬಾದ್ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ಒಂದು ಕೋಣೆ ಇತ್ತು. ಗೋಡೆಯೂ ಫರಸಿ ಕಲ್ಲಿನದೇ, ಛಾವಣಿಯೂ ಫರಸಿ ಕಲ್ಲಿನದೇ. ಬೇಸಿಗೆಯಲ್ಲಿ ಒಳಗೆ ಕೂತರೆ ರೊಟ್ಟಿಯ ಹಂಚಿನ ಮೇಲೆ ಕೂತಂತೆ. ಅಲ್ಲಿ ಸಾಯಬಣ್ಣ ಫಟಫಟಿ ರಿಪೇರಿ ಮಾಡಿಕೊಂಡಿದ್ದ. ಮೋಟಾರು ಸೈಕಲ್ಲಿಗೆ ನಮ್ಮ ಕಡೆ ಆಗ ಫಟಫಟಿ ಎಂದೇ ಹೆಸರು. ಯುದ್ಧದ ಕಾಲದಲ್ಲಿ ಸಿಕಂದರಾಬಾದಿನ ಫೌಜಿನ ಕಾರಖಾನೆಯಲ್ಲಿ ಐದು ವರ್ಷ ಎಣ್ಣೆಯಲ್ಲಿ ಕೈ ಅದ್ದಿ ಬಂದವನು ಅವನು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ, ಎಲ್ಲಿಯೇ ಆಗಲಿ ಹಳೆಯ ಫಟಫಟಿ ಕೊಳ್ಳುವವರು ಮೊದಲು ಸಾಯಬಣ್ಣನನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಹೆಣ್ಣು ನೋಡುವುದಕ್ಕೆ ಹಿರಿಯರನ್ನು ಕರೆದೊಯ್ದ ಹಾಗೆ.

ನಿಜಾಮರ ರಾಜ್ಯ ಹೋದ ಮೇಲೆ ಇಂಥ ಗಾಡಿಗಳು ಬಹಳ ಹೊರಬಿದ್ದವು. ಫೌಜು ಬಿಟ್ಟುಹೋದವು, ಜಾಗೀರದಾರರ ಮಕ್ಕಳು ಶೋಕಿಗೆ ತರಿಸಿಕೊಂಡವು. ಮಾರುವವರೇನು ಕಡಿಮೆಯೇ? ಮೇಲೆ ಥಳಕು, ಒಳಗೆ ಹುಳುಕು. ಬಣ್ಣ ಬಳಿದು, ಕುಂಕುಮ ಹಚ್ಚಿ, ಹಾರ ಹಾಕಿ ನಿಲ್ಲಿಸಿದರೆ ಕೊಳ್ಳುವವನ ಕಣ್ಣು ಹಾರದ ಮೇಲೆಯೇ. ಸಾಯಬಣ್ಣ ಹಾರವನ್ನು ನೋಡುತ್ತಿರಲಿಲ್ಲ. ನಾನು ಬರುವ ತನಕ ಗಾಡಿ ಶುರು ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ ಕಳಿಸುತ್ತಿದ್ದ. ಹೋದವನೇ ಅಂಗೈ ಹಿಂಬದಿಯನ್ನು ಇಂಜಿನ್ನಿಗೆ ತಾಗಿಸಿ ನೋಡುತ್ತಿದ್ದ. ಬೆಚ್ಚಗಿದ್ದರೆ ಮುಗಿಯಿತು, ಚಹಾ ಕೂಡ ಕುಡಿಯದೆ ತಿರುಗುತ್ತಿದ್ದ. ತಣ್ಣಗಿದ್ದಾಗ ಶುರುವಾಗದ ಗಾಡಿಯನ್ನು ಬೆಚ್ಚಗೆ ಮಾಡಿ ಇಟ್ಟವನು ಇನ್ನೇನನ್ನು ಮುಚ್ಚಿಟ್ಟಾನೋ ಎಂಬುದು ಅವನ ಲೆಕ್ಕ.

ತಣ್ಣಗಿದ್ದರೆ ಕೆಲಸ ಶುರು. ಎಣ್ಣೆ ಎರಡು ಹನಿ ತೆಗೆದು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿಯುವನು. ಮಿಣುಕು ಕಂಡರೆ ಒಳಗೆ ಕಬ್ಬಿಣ ಸವೆಯುತ್ತಿದೆ. ಚಕ್ರದ ಒಂದೊಂದು ಕಡ್ಡಿಗೂ ಬೀಗದ ಕೈಯಿಂದ ತಟ್ಟಿ ಕಿವಿ ಕೊಡುವನು. ಸಡಿಲ ಕಡ್ಡಿ ಮಂಕಾಗಿ ನುಡಿಯುತ್ತದೆ. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಎಳೆದು ಗಾಡಿ ಸೊಟ್ಟಗಾಗಿದೆಯೋ ನೋಡುವನು. ಪಂದ್ಯಕ್ಕೆ ಓಡಿಸುವ ಓಟದ ಗಾಡಿಯಾದರೆ ಇನ್ನೂ ಒಂದು ಮಾತು: ಓಡಿಸಿದವನು ಎಷ್ಟು ಸಲ ಬಿದ್ದಿದ್ದಾನೆ? ಅದನ್ನು ಮಾರುವವರ ಬಾಯಿ ಹೇಳುವುದಿಲ್ಲ, ಬಿದ್ದಾಗಲೆಲ್ಲ ನೆಲಕ್ಕೆ ಉಜ್ಜಿ ಸವೆಯುವ, ಕಾಲಿಡುವ ಕಬ್ಬಿಣದ ತುದಿ ಹೇಳುತ್ತದೆ. ಎಲ್ಲ ಮುಗಿಯುವ ತನಕ ತುಟಿ ಬಿಚ್ಚುತ್ತಿರಲಿಲ್ಲ. ಕೊನೆಗೆ ಒಂದೇ ಮಾತು. ಚಲೋ ಇದ್ದರೆ ‘ಒಯ್ರಿ’, ಇಲ್ಲದಿದ್ದರೆ ‘ಬ್ಯಾಡ್ರಿ’. ಇದಕ್ಕಾಗಿ ಅವನು ಯಾರ ಹತ್ತಿರವೂ ಕೈ ಒಡ್ಡಿದವನಲ್ಲ. ಆ ಒಂದು ಮಾತಿಗೆ ಐದೂ ಊರಲ್ಲಿ ಇದ್ದ ಬೆಲೆಯೇ ಅವನಿಗೆ ಸಾಕಾಗಿತ್ತು, ಸ್ವಲ್ಪ ಹೆಚ್ಚೇ ಸಾಕಾಗಿತ್ತು ಎನ್ನಬೇಕು.

1952ರ ಶ್ರಾವಣದಲ್ಲಿ ಒಂದು ದಿನ ಅವನ ಕೋಣೆಯ ಮುಂದೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಸೇಡಂನ ರುಕ್ಮಿಣಿಬಾಯಿ. ಗಂಡ ಮೇಷ್ಟರಾಗಿದ್ದವರು, ತೀರಿಹೋಗಿದ್ದರು. ಒಬ್ಬನೇ ಮಗ ನರಸಿಂಹ, ಸೇಡಂ–ಚಿಂಚೋಳಿ ರಸ್ತೆಯ ಕೆಲಸಕ್ಕೆ ಓವರಸಿಯರ್. ರಸ್ತೆ ನೋಡಲು ಗಾಡಿ ಬೇಕು, ಸರಿ. ಆದರೆ ಹುಡುಗನ ಮನಸ್ಸು ಕೂತದ್ದು ಚಿತ್ತಾಪುರದ ಒಂದು ವಿಲಾಯತಿ ಓಟದ ಗಾಡಿಯ ಮೇಲೆ. ಮರುದಿನ ಅದನ್ನು ನೋಡಲು ಸಾಯಬಣ್ಣ ಹೋಗಬೇಕಿತ್ತು. ಒಬ್ಬಳೇ ಮನೆಯ ಹೊಸ್ತಿಲು ದಾಟದ ಹೆಂಗಸು ವಾಡಿಯಲ್ಲಿ ರೈಲು ಬದಲಿಸಿ ಬಂದಿದ್ದಳು. ಕೂಡಲು ಹೇಳಿದರೂ ಕೂಡಲಿಲ್ಲ.

“ಗಾಡಿ ಚಲೋ ಇರ್ಲಿ, ಕೆಟ್ಟಿರ್ಲಿ, ನಾಳೆ ನೀವು ಬ್ಯಾಡ್ರಿ ಅಂದ್ಬಿಡ್ರಿ” ಎಂದಳು. “ನಾ ಹೇಳಿದ್ರ ಕೇಳವಲ್ಲ. ನಿಮ್ಮ ಒಂದು ಮಾತಿಗೆ ಬಿಡ್ತಾನ.”

ಸಾಯಬಣ್ಣನಿಗೆ ಕನಿಕರ ಬಂತು. ಅದಕ್ಕಿಂತ ಮೊದಲು ಬಂದದ್ದು ಬಿಗುಮಾನ. “ಚಲೋ ಗಾಡಿಗಿ ಕೆಟ್ಟದ್ದು ಅಂದ್ರ, ನಾಳಿ ಕೆಟ್ಟದ್ದಕ್ಕ ಚಲೋ ಅಂದಂಗೇ ಆಗ್ತದ ತಾಯೀ. ನನ್ನ ಬಾಯಾಗ ಸುಳ್ಳು ಬರಂಗಿಲ್ರಿ. ಐಬು ಇದ್ರ ಮಾತ್ರ ನನ್ನ ಕಣ್ಣು ತಪ್ಪಿಸಿ ಹೋಗಂಗಿಲ್ಲ, ಇಷ್ಟು ಮಾತು ಕೊಡ್ತೀನಿ.”

“ಐಬು ಇರೋ ಗಾಡಿ ಮನಿ ಮುಂದ ಕೆಟ್ಟು ನಿಲ್ತದ” ಎಂದಳು ಆಕೆ. “ಐಬು ಇಲ್ಲದ್ದೇ ಜೋರು ಓಡ್ತದಲ್ರಿ. ನನಗ ಅದ್ರದೇ ಅಂಜಿಕಿ.”

ಸಾಯಬಣ್ಣ ಚಹಾ ತರಿಸಿದ. ಆಕೆ ಮಡಿಯ ಹೆಂಗಸು, ಹೊರಗಿನ ನೀರೂ ಮುಟ್ಟುವವಳಲ್ಲ. ಕೈ ಮುಗಿದು ಹೊರಟುಹೋದಳು.

ಗಾಡಿ ಇದ್ದದ್ದು ರಶೀದಾಬೇಗಂ ಎಂಬಾಕೆಯ ಮನೆಯಲ್ಲಿ. ಗಂಡ ಜಾಗೀರಿನ ಸವಾರರಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು, ಕುದುರೆ ಬಿಟ್ಟರೆ ಫಟಫಟಿಯ ಹುಚ್ಚು. ನಾಲ್ಕು ವರ್ಷದ ಕೆಳಗೆ, ನಿಜಾಮರ ರಾಜ್ಯ ಹೋದ ಆ ಗಡಿಬಿಡಿಯ ದಿನಗಳಲ್ಲಿ ಹೊರಗೆ ಹೋದವನು ತಿರುಗಿ ಬಂದಿರಲಿಲ್ಲ. ಅಂದಿನಿಂದ ಗಾಡಿ ಪಡಸಾಲೆಯಲ್ಲಿ ಚಾದರ ಹೊದ್ದು ನಿಂತಿತ್ತು. ಬೇಗಂ ಪರದೆಯ ಹಿಂದೆ ಕೂತು, ಕೇಳಿದ್ದಕ್ಕೆಲ್ಲ ಮುಚ್ಚುಮರೆ ಇಲ್ಲದೆ ಉತ್ತರ ಕೊಟ್ಟಳು. ಕಾಲಿಡುವ ಕಬ್ಬಿಣದ ಎಡ ತುದಿ ಸವೆದಿತ್ತು. ಸಾಯಬಣ್ಣ ಕೇಳಿದ. ಹೌದು, ಒಮ್ಮೆ ಕಾಗಿಣಾ ಹೊಳೆಯ ಇಳಿಜಾರಲ್ಲಿ ಬಿದ್ದಿದ್ದರು, ಗಾಡಿಯನ್ನು ಯಾರೋ ರಿಪೇರಿ ಮಾಡಿಕೊಟ್ಟರು, ಅಷ್ಟೇ ನನಗೆ ಗೊತ್ತು ಎಂದಳು.

ಇಷ್ಟು ನೇರವಾಗಿ ಹೇಳುವವರನ್ನು ಸಾಯಬಣ್ಣ ಕಂಡಿರಲಿಲ್ಲ. ದಾರ ಎಳೆದ. ಎರಡೂ ಚಕ್ರ ಒಂದೇ ಗೆರೆಯಲ್ಲಿದ್ದವು. ಎಣ್ಣೆ ಹಳೆಯದು, ಆದರೆ ಸ್ವಚ್ಛ. ಕಡ್ಡಿಗಳು ಒಂದೇ ದನಿಯಲ್ಲಿ ನುಡಿದವು. ಹೊಸ ಎಣ್ಣೆ, ಪೆಟ್ರೋಲು ಹಾಕಿ ಒದ್ದರೆ ಮೂರನೆಯ ಒದೆತಕ್ಕೆ ಗಾಡಿ ಗುಡುಗಿತು. ಪಕ್ಕದಲ್ಲಿ ನಿಂತ ನರಸಿಂಹನ ಮುಖ ನೋಡಬೇಕಿತ್ತು, ಜೋಳದ ಹೊಲಕ್ಕೆ ಮಳೆ ಬಿದ್ದಂತೆ ಆಗಿತ್ತು.

ಉಳಿದದ್ದು ಒಂದೇ ಜಾಗ. ಹ್ಯಾಂಡಲ್ಲಿನ ಕೆಳಗೆ, ಗಾಡಿಯ ಕತ್ತಿನಲ್ಲಿ, ಹಸಿರು ಬಟ್ಟೆಯೊಂದನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿತ್ತು. ಕಲಬುರ್ಗಿಯ ದರ್ಗಾದಿಂದ ಅತ್ತೆ ತಂದು ಕಟ್ಟಿದ್ದು ಎಂದಳು ಬೇಗಂ. “ಅಣ್ಣಾ, ಬಿಚ್ಚೋದಿದ್ರ ಬಿಚ್ಚಿ ನೋಡ್ರಿ. ಈಗ ಯಾರಿಗೋಸ್ಕರ ಇರಬೇಕು ಅದು.”

ಇಲ್ಲಿ ಸಾಯಬಣ್ಣನ ಹೆಸರಿನ ಕತೆ ಹೇಳದಿದ್ದರೆ ಆಗದು. ಅವನ ತಾಯಿಗೆ ಮೂರು ಕೂಸು ಹುಟ್ಟಿ ತೊಟ್ಟಿಲಲ್ಲೇ ಹೋಗಿದ್ದವು. ನಾಲ್ಕನೆಯದಕ್ಕೆ ಅದೇ ದರ್ಗಾಕ್ಕೆ ಹರಕೆ ಹೊತ್ತಳು. ಕೂಸು ಉಳಿಯಿತು, ದರ್ಗಾದ ಸಾಹೇಬರ ನೆನಪಿಗೆ ಸಾಯಬಣ್ಣ ಎಂದು ಹೆಸರಿಟ್ಟಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ, ಆದರೂ ಹನ್ನೆರಡು ವರ್ಷದ ತನಕ ಆ ಹುಡುಗನ ರಟ್ಟೆಯಲ್ಲಿ ಇಂಥದೇ ಹಸಿರು ಬಟ್ಟೆ ಇತ್ತು. ತಾಯಿ ಅದನ್ನು ಯಾರಿಗೂ ಬಿಚ್ಚಗೊಡುತ್ತಿರಲಿಲ್ಲ.

ಅವನು ಬಟ್ಟೆಯನ್ನು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡ. “ಇರ್ಲಿ ಬಿಡ್ರಿ ಅಮ್ಮಾ. ಕಟ್ಟಿದ್ದು ಬಿಚ್ಚಬಾರ್ದು.” ನರಸಿಂಹನ ಕಡೆ ತಿರುಗಿ, ನೀವೂ ಅದನ್ನು ಬಿಚ್ಚಬೇಡಿ, ಕಾಯುತ್ತದೆ ಎಂದ. ಆಮೇಲೆ ತನ್ನ ಒಂದು ಮಾತು ಹೇಳಿದ.

“ಒಯ್ರಿ.”

ದಸರೆ ಹೋಯಿತು, ದೀಪಾವಳಿ ಹೋಯಿತು. ನರಸಿಂಹ ಎರಡು ಸಲ ಶಹಾಬಾದಿಗೆ ಬಂದು ಸರಪಳಿ ಬಿಗಿಸಿಕೊಂಡು ಹೋದ. ತಾಯಿ ಹೇಗಿದ್ದಾರೆ ಎಂದು ಕೇಳಿದರೆ ನಕ್ಕ. ಗಾಡಿಯ ಸದ್ದು ಕೇಳುವ ತನಕ ಉಣ್ಣದೆ ಬಾಗಿಲಲ್ಲೇ ಕೂತಿರುತ್ತಾಳೆ ಎಂದ. ಸಾಯಬಣ್ಣನೂ ನಕ್ಕ. ಆ ನಗೆಯನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡನೋ ದೇವರಿಗೇ ಗೊತ್ತು.

ಪುಷ್ಯ ಮಾಸದಲ್ಲಿ ಸುದ್ದಿ ಬಂತು. ಚಿಮ್ಮನಚೋಡದ ಆಚೆ, ತಾನೇ ಮುಂದೆ ನಿಂತು ಜಲ್ಲಿ ಹಾಕಿಸಿದ ರಸ್ತೆಯಲ್ಲಿ, ನಡುಹಗಲಲ್ಲಿ ನರಸಿಂಹ ಬಿದ್ದಿದ್ದ. ಚಿಂಚೋಳಿಗೆ ಒಯ್ಯುವಷ್ಟರಲ್ಲಿ ಪ್ರಾಣ ಇರಲಿಲ್ಲ. ಎಂಟು ದಿನದ ಮೇಲೆ ರಸ್ತೆ ಕೆಲಸದ ಲಾರಿಯವರು ಗಾಡಿಯನ್ನು ತಂದು ಕೋಣೆಯ ಮುಂದೆ ಇಳಿಸಿದರು. ಅದು ಎರಡು ತುಂಡಾಗಿತ್ತು. ಮುಂದಿನ ಚಕ್ರ ಹ್ಯಾಂಡಲ್ ಸಮೇತ ಬೇರೆ, ಉಳಿದದ್ದು ಬೇರೆ. ನಡುವೆ ಹರಿದ ಹಸಿರು ಬಟ್ಟೆ ಜೋತಾಡುತ್ತಿತ್ತು.

ಸಾಯಬಣ್ಣ ಈಗ ಗಂಟು ಬಿಚ್ಚಿದ. ಒಳಗೆ ಹಿತ್ತಾಳೆಯ ಹಳೆಯ ಬೆಸುಗೆ ಇತ್ತು. ಯಾರೋ ಅವಸರದಲ್ಲಿ ಮಾಡಿದ್ದು, ಅರ್ಧ ಹಿಡಿದು ಅರ್ಧ ಬಿಟ್ಟಿದ್ದು. ಬಿರುಕಿನ ಅಂಚು ಮುಕ್ಕಾಲು ಪಾಲು ತುಕ್ಕು ಹಿಡಿದು ಕಪ್ಪಾಗಿತ್ತು. ಕಾಲು ಪಾಲು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಅಂದರೆ ತಾನು ‘ಒಯ್ರಿ’ ಎಂದ ದಿನವೂ ಆ ಬಿರುಕು ಅಲ್ಲೇ ಇತ್ತು. ಕಾಗಿಣಾ ಹೊಳೆಯ ಇಳಿಜಾರಲ್ಲಿ ಮಗ ಬಿದ್ದು ಬದುಕಿದಾಗ, ಗಾಡಿ ಎಲ್ಲಿ ಮುರಿದಿತ್ತೋ ಅಲ್ಲಿಯೇ ಬೇಗಂಳ ಅತ್ತೆ ಬಟ್ಟೆ ಕಟ್ಟಿದ್ದಳು. ಪೆಟ್ಟಾದ ಕಡೆಯೇ ಪಟ್ಟಿ ಕಟ್ಟುತ್ತಾರೆ. ಇಷ್ಟು ಸಣ್ಣ ಮಾತು ಹೊಳೆಯದವನನ್ನು ಐದು ಊರಿನವರು ಜಾಣ ಎಂದು ಕರೆದೊಯ್ಯುತ್ತಿದ್ದರು. ಅವನು ಬಟ್ಟೆಯನ್ನು ಕೈಯಲ್ಲಿ ಹಿಡಿದು ಅಲ್ಲೇ ಕೂತ. ಹೆಂಡತಿ ಭಾಗಮ್ಮ ಬುತ್ತಿ ತಂದವಳು ಅದನ್ನು ಹಾಗೆಯೇ ವಾಪಸು ಒಯ್ದಳು.

ಪಕ್ಕದ ಚಹಾದಂಗಡಿಯ ಅಬ್ದುಲ್ ಗನಿ ಗೆಳೆಯ. ಅವನಿಗೊಬ್ಬನಿಗೆ ತೋರಿಸಿದ. ಗನಿ ಬಿರುಕಿನ ಮೇಲೆ ಬೆರಳಾಡಿಸಿ, ಗುಜರಿಗೆ ಹಾಕಿಬಿಡು ಎಂದ. ಜನ ಹಣೆಬರಹ ಎನ್ನುತ್ತಿದ್ದಾರೆ, ಹುಡುಗ ಜೋರಾಗಿ ಓಡಿಸಿದ ಎನ್ನುತ್ತಿದ್ದಾರೆ, ನಿನ್ನ ಹೆಸರು ಯಾರೂ ಎತ್ತಿಲ್ಲ, ನೀನಾಗಿ ಎತ್ತಿಕೊಳ್ಳಬೇಡ ಎಂದ. ಗೆಳೆಯನ ಮಾತೇ, ತಪ್ಪೇನಿಲ್ಲ. ಸಾಯಬಣ್ಣನಿಗೂ ಹಾಗೇ ಮಾಡಬೇಕು ಅನ್ನಿಸಿತು. ಬಿರುಕು ಬಿಟ್ಟ ಕತ್ತಿನ ತುಂಡನ್ನು ಕೊಯ್ದು ತೆಗೆದು, ಗೋಣಿಚೀಲದಲ್ಲಿ ಸುತ್ತಿ ಒಂದು ವಾರ ಮೂಲೆಯಲ್ಲಿಟ್ಟ.

ಆದರೆ ಸೇಡಂನಿಂದ ಬಂದವರು ಇನ್ನೊಂದು ಮಾತು ತಂದರು. ರುಕ್ಮಿಣಿಬಾಯಿ ಅನ್ನ ಬಿಟ್ಟಿದ್ದಾಳಂತೆ. ಚಲೋ ಗಾಡಿಗೆ ಕೆಟ್ಟದ್ದು ಅನ್ನಿಸಲು ಹೋದೆ, ಕೊಳ್ಳುವ ಗಾಡಿಗೆ ನಾನೇ ಅಪಶಕುನ ನುಡಿದೆ, ನನ್ನ ಬಾಯೇ ನನ್ನ ಮಗನನ್ನು ತಿಂದಿತು ಎಂದು ಹಣೆ ಹಣೆ ಬಡಿದುಕೊಳ್ಳುತ್ತಾಳಂತೆ. ಕೇಳಿದ ಸಾಯಬಣ್ಣನಿಗೆ ಅಂದು ನಿದ್ದೆ ಹತ್ತಲಿಲ್ಲ. ಸುಮ್ಮನಿದ್ದರೆ ತನ್ನ ಹೆಸರು ಉಳಿಯುತ್ತದೆ, ಆ ಹೆಂಗಸು ಮಾಡದ ಪಾಪ ಹೊತ್ತು ಸಾಯುತ್ತಾಳೆ. ಬೆಳಗಿನ ರೈಲಿಗೆ ಗೋಣಿಚೀಲ ಹಿಡಿದು ಹತ್ತಿದ. ವಾಡಿಯಲ್ಲಿ ಇಳಿದು ಸೇಡಂ ರೈಲಿಗೆ ಕಾಯುವಾಗ ಎರಡು ಸಲ ಶಹಾಬಾದ್ ಕಡೆಯ ಪ್ಲಾಟ್‌ಫಾರ್ಮಿಗೆ ಹೋಗಿ ಮರಳಿ ಬಂದ. ಧೈರ್ಯ ಅವನಿಗೆ ಸುಲಭಕ್ಕೆ ಬಂದದ್ದಲ್ಲ.

ರುಕ್ಮಿಣಿಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಅವನು ಅಂಗಳದಲ್ಲೇ ಕೂತು, ಚೀಲ ಬಿಚ್ಚಿ, ಕಬ್ಬಿಣದ ತುಂಡನ್ನೂ ಬಟ್ಟೆಯನ್ನೂ ನೆಲದ ಮೇಲಿಟ್ಟ. ಎಲ್ಲಿ ಬಿರುಕಿತ್ತು, ಬೇಗಂ ಬಿಚ್ಚಲು ಹೇಳಿದಳು, ತಾನು ಯಾಕೆ ಬಿಚ್ಚಲಿಲ್ಲ, ಒಂದನ್ನೂ ಬಿಡದೆ ಹೇಳಿದ.

“ನಿಮ್ಮ ಬಾಯಿದು ತಪ್ಪಿಲ್ರಿ ತಾಯೀ. ಗಾಡಿ ಕೆಟ್ಟಿತ್ತು. ನಾ ನೋಡಲಿಲ್ಲ.”

ಆಕೆ ಬಯ್ಯುತ್ತಾಳೆ ಎಂದುಕೊಂಡಿದ್ದ. ಬೈದರೆ ಹಗುರಾಗುತ್ತಿತ್ತೋ ಏನೋ. ಆಕೆ ತುಂಡಿನ ಕಡೆ ಬಾಗಿದಳು. ತುಕ್ಕಿನ ಭಾಗ ಯಾವುದು, ಹೊಸದು ಯಾವುದು ಎಂದು ಕೇಳಿದಳು. ಅವನು ಬೆರಳಿಟ್ಟು ತೋರಿಸಿದ.

“ಅವತ್ತು ನಾ ನಿಮಗ ಸುಳ್ಳು ಹೇಳ್ರಿ ಅಂದಿದ್ದೆ” ಎಂದಳು ಕೊನೆಗೆ.

“ಹೌದ್ರಿ.”

“ಹೇಳಿದ್ರ ಅದು ಖರೇನೇ ಆಗ್ತಿತ್ತಲ್ರಿ.”

ಅಷ್ಟು ಹೇಳಿ ಒಳಗೆ ಹೋದಳು. ಆ ದಿನದಿಂದ ಆಕೆ ಎರಡು ತುತ್ತು ಉಣ್ಣತೊಡಗಿದಳು ಎಂದು ಆಮೇಲೆ ತಿಳಿಯಿತು. ಸಾಯಬಣ್ಣ ಬಂದ ದಾರಿ ಹಿಡಿದ. ಸುದ್ದಿ ಅವನಿಗಿಂತ ಮೊದಲೇ ಚಿತ್ತಾಪುರ ದಾಟಿತ್ತು. ಎರಡು ವರ್ಷ ಯಾರೂ ಅವನನ್ನು ಗಾಡಿ ನೋಡಲು ಕರೆಯಲಿಲ್ಲ. ಸೈಕಲ್ಲಿಗೆ ಪಂಕ್ಚರು ಹಾಕಿಕೊಂಡು ಇದ್ದ.

ಆಮೇಲೆ ಒಬ್ಬೊಬ್ಬರೇ ಮತ್ತೆ ಬರತೊಡಗಿದರು, ಬೇರೆ ಬಲ್ಲವರಿರಲಿಲ್ಲ. ಈಗ ಅವನು ಹೋದವನೇ ಗಾಡಿಗೆ ಕಟ್ಟಿದ್ದನ್ನೆಲ್ಲ ಬಿಚ್ಚುತ್ತಿದ್ದ. ಹಾರ, ನಿಂಬೆಹಣ್ಣು, ತಾಯಿತ, ಯಾವ ದೇವರದೂ ಬಿಡುತ್ತಿರಲಿಲ್ಲ. ದೇವರಿಲ್ಲದ ಮನುಷ್ಯ ಎಂದು ಬೈಸಿಕೊಂಡ. ಬೈದರೂ ಬಿಚ್ಚುವುದು ಬಿಡಲಿಲ್ಲ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಮುಧೋಳದ ದೇವಿಂದ್ರಪ್ಪ ಎಂಬ ತರುಣ ಒಂದು ಓಟದ ಗಾಡಿ ತೋರಿಸಲು ಕರೆದೊಯ್ದ. ಸಾಯಬಣ್ಣ ಎಲ್ಲ ಬಿಚ್ಚಿದ, ಎಲ್ಲ ನೋಡಿದ. ಕತ್ತಿನ ಬಣ್ಣವನ್ನು ಕೂಡ ಚಾಕುವಿನಿಂದ ಕೆರೆದು ನೋಡಿದ. ಹುಡುಕಿದರೂ ಒಂದು ಐಬು ಸಿಗದ ಗಾಡಿ. ಕೈ ಒರೆಸಿಕೊಳ್ಳುತ್ತಾ ಕೇಳಿದ.

“ಮನ್ಯಾಗ ತಾಯಿ ಏನಂದ್ರು?”

ದೇವಿಂದ್ರಪ್ಪ ನಕ್ಕ. “ಆಕಿಗೇನು ತಿಳೀತದ್ರಿ. ಬ್ಯಾಡ ಬ್ಯಾಡ ಅಂತ ನಿನ್ನಿಯಿಂದ ಅಳಾಕತ್ಯಾಳ.”

ಸಾಯಬಣ್ಣ ಗಾಡಿಯನ್ನು ಇನ್ನೊಮ್ಮೆ ಮೇಲಿಂದ ಕೆಳಗಿನ ತನಕ ನೋಡಿದ.

“ಬ್ಯಾಡ್ರಿ” ಎಂದ.