ಕುಟ್ಟಿದ ಹಾಗೋ, ಕಟ್ಟಿದ ಹಾಗೋ?

ಕೋವಿಡ್ ಇಳಿದ ಮರುವರ್ಷ ನಾನು ಶಿವಮೊಗ್ಗದ ಖಾಸಗಿ ಆಸ್ಪತ್ರೆಯೊಂದರಲ್ಲಿ ಕಿವಿ, ಮೂಗು, ಗಂಟಲು ತಜ್ಞೆಯಾಗಿದ್ದೆ. ಗೆದ್ದ ಕಥೆಗಳನ್ನು ನೆನಪು ತಿದ್ದಿ ಬರೆಯುತ್ತದೆ ಎಂಬ ಗುಮಾನಿ ನನಗೆ ಸದಾ ಇದೆ. ಹಾಗಾಗಿ ಗಟ್ಟಿಯಾಗಿ ನೆನಪಿರುವಷ್ಟನ್ನೇ ಹೇಳುತ್ತೇನೆ.

ಭದ್ರಾವತಿ–ಶಿವಮೊಗ್ಗ ಬಸ್ಸಿನ ಕಂಡಕ್ಟರ್ ರುದ್ರೇಶ್ ಅವರಿಗೆ ಸೆಪ್ಟೋಪ್ಲಾಸ್ಟಿ, ಅಂದರೆ ಮೂಗಿನ ನಡುವಿನ ಡೊಂಕು ಗೋಡೆಯನ್ನು ನೇರ ಮಾಡುವ ಶಸ್ತ್ರಚಿಕಿತ್ಸೆ ಮಾಡಿದ್ದೆ. ರಕ್ತ ನಿಲ್ಲಲೆಂದು ಎರಡೂ ಹೊಳ್ಳೆಗೆ ಪ್ಯಾಕ್, ಅಂದರೆ ಒತ್ತಿ ಹಿಡಿಯುವ ಗಾಜ್ ಬಟ್ಟೆ ತುಂಬಿದ್ದೆವು. ಸಂಜೆ ಅವರು ‘ನೋವು’ ಎಂದರು. ವಾರ್ಡಿನ ರೂಢಿಯಂತೆ ನರ್ಸ್ ಟ್ರಮಡಾಲ್ ಕೊಟ್ಟರು. ಅದು ಪ್ಯಾರಾಸಿಟಮಾಲ್‌ಗಿಂತ ಬಲವಾದ ನೋವುನಿವಾರಕ; ಕೆಲವರಿಗೆ ವಾಂತಿ ತರಿಸುತ್ತದೆ. ಇವರಿಗೂ ತರಿಸಿತು. ಓಕರಿಸಿದ ರಭಸಕ್ಕೆ ಪ್ಯಾಕ್ ರಕ್ತದಲ್ಲಿ ತೊಯ್ದಿತು. ಇನ್ನೊಮ್ಮೆ ಹಾಗಾದರೆ ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ಯಬೇಕಿತ್ತು.

ಆದರೂ ಅವರ ಬಾಯಲ್ಲಿ ಒಂದೇ ಮಾತು: ನೋವು. ಕಿರಿಯ ವೈದ್ಯ ಇನ್ನೊಂದು ಡೋಸ್‌ಗೆ ಸಿದ್ಧನಾದ. ನಾನು ತಡೆದು, ಪ್ಯಾರಾಸಿಟಮಾಲ್ ಕೊಡೋಣ ಎಂದೆ.

ರುದ್ರೇಶ್ ಅವರ ಹೆಂಡತಿ ಲತಾ ಸಿಡಿದರು: “ಜ್ವರದ ಮಾತ್ರೆ ನುಂಗೋಕೆ ಭದ್ರಾವತಿಯಿಂದ ಬರ್ಬೇಕಿತ್ತಾ ಮೇಡಂ? ನಮ್ ಬೀದಿ ಅಂಗಡೀಲೇ ಸಿಗುತ್ತೆ!”

ನಾನು ಮಂಚದ ಪಕ್ಕ ಕುಳಿತೆ. ‘ನೋವು’ ಎಂಬ ಒಂದು ಪದದೊಳಗೆ ನಮ್ಮ ಜನ ಏನೆಲ್ಲ ಸೇರಿಸುತ್ತಾರೆ ಎಂಬುದು ನಾನು ಮುಂದಿನ ಪ್ರಶ್ನೆ ಕೇಳುವ ಮೊದಲೇ ತಿಳಿದಿತ್ತೋ, ಆಮೇಲೆ ತಿಳಿಯಿತೋ, ಈಗ ಹೇಳಲಾರೆ.

“ರುದ್ರೇಶ್, ಕುಟ್ಟಿದ ಹಾಗೋ, ಕಟ್ಟಿದ ಹಾಗೋ?”

“ಕುಟ್ತಾ ಇಲ್ಲ ಮೇಡಂ, ಕಟ್ಟಿದೆ. ಬೆಳಗಿನ ಟ್ರಿಪ್ಪಲ್ಲಿ ಜನ ಫುಟ್‌ಬೋರ್ಡ್ ತನಕ ಒತ್ಕೊಂಡಿರ್ತಾರಲ್ಲ, ಹಂಗೆ. ಸ್ವಲ್ಪ ಒಳಗ್ ಹೋಗಿ ಅಂದ್ರೆ ಒಬ್ರೂ ಅಲ್ಲಾಡಲ್ಲ.”

“ಮೂಗಲ್ಲೂ ಬಸ್ ಓಡಿಸ್ತೀರಲ್ಲ ಮಾರಾಯ್ರೇ!” ಎಂದು ಲತಾ ಕಣ್ಣೊರೆಸಿಕೊಂಡು ನಕ್ಕರು.

ಕಟ್ಟಿದ ಮೂಗನ್ನು ಯಾವ ನೋವುನಿವಾರಕವೂ ಬಿಡಿಸದು. ಅದು ಪ್ಯಾಕ್‌ನ ಒತ್ತಡ. ಟ್ರಮಡಾಲ್ ನಿಲ್ಲಿಸಿ, ವಾಂತಿಗೆ ಮದ್ದು ಕೊಟ್ಟು, ತಲೆ ಎತ್ತರಿಸಿ ಮಲಗಿಸಿದೆವು. ಪ್ಯಾರಾಸಿಟಮಾಲನ್ನು ಕೇಳಿದಾಗಲ್ಲ, ಹೊತ್ತಿಗೆ ಸರಿಯಾಗಿ ಕೊಟ್ಟೆವು. ರಕ್ತ ನಿಂತಿತು. ಬೆಳಿಗ್ಗೆ ಪ್ಯಾಕ್ ತೆಗೆದಾಗ ಅವರು ಉದ್ದಕ್ಕೆ ಉಸಿರೆಳೆದು, “ಲತಾ, ಎರಡೂ ಕಡೆ ಗಾಳಿ ಆಡ್ತಿದೆ ಕಣೇ!” ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು.

ಮುಂದೆ ಮೂಗಿನ ಶಸ್ತ್ರಚಿಕಿತ್ಸೆಯಾದ ಪ್ರತಿಯೊಬ್ಬರನ್ನೂ ಮೊದಲು ಆ ಪ್ರಶ್ನೆಯನ್ನೇ ಕೇಳತೊಡಗಿದೆವು. ಹೆಚ್ಚಿನವರಿಗೆ ಪ್ಯಾರಾಸಿಟಮಾಲೇ ಸಾಕಾಯಿತು. ಕುಟ್ಟುವ ನೋವು ಇಳಿಯದವರಿಗೆ ಮಾತ್ರ ಟ್ರಮಡಾಲ್. ವಾಂತಿ ಕಡಿಮೆಯಾಯಿತು. ಇದು ಸಂಶೋಧನೆಯಲ್ಲ, ಒಂದು ವಾರ್ಡ್ ಕಂಡದ್ದು. ಆದರೆ ಯಾವ ಮದ್ದು ಮೇಲು ಎಂದು ಕೇಳುವ ಮೊದಲು ಯಾವ ನೋವು ಎಂದು ಕೇಳಬೇಕು, ಅದೂ ರೋಗಿಯ ಮಾತಿನಲ್ಲಿ. ಇಷ್ಟರ ಮಟ್ಟಿಗೆ ನನಗೆ ಅನುಮಾನವಿಲ್ಲ.