ಕೊನೆಯ ವಾರ ಕಡಿಮೆ ಈಜಬೇಕು

ಆ ಭಾನುವಾರ ಚಿಕ್ಕಮ್ಮ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದರು. ಎರ್ಮಾಳಿನ ಕಡಲತೀರ, ದಡದಿಂದ ಎಳೆಯುವ ಕೈರಂಪಣಿ ಬಲೆಯ ಹಗ್ಗ ಹಿಡಿದು ಸಾಲಾಗಿ ನಿಂತ ಜನ, ಕೆಳಗೆ ‘ಬೂತಾಯಿ ಮೀನು ಬಂತು’ ಎಂಬ ಒಂದೇ ಸಾಲು. ನಾನು ಕಾಪುವಿನ ಮನೆಯಲ್ಲಿ ಚಾ ಕುಡಿಯುತ್ತಿದ್ದೆ. ಒಳ್ಳೆಯದಾಯಿತು ಎಂದು ಬರೆಯಲು ಹೊರಟವಳು ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಸಾಲಿನ ನಡುವೆ ಒಬ್ಬಳು ಬೆನ್ನನ್ನು ಹಿಂದಕ್ಕೆ ಬಾಗಿಸಿ ಎರಡೂ ಕೈಯಿಂದ ಹಗ್ಗ ಎಳೆಯುತ್ತಿದ್ದಳು. ಮುಖ ಕಾಣುತ್ತಿರಲಿಲ್ಲ. ಆದರೆ ಆ ಭುಜ ನನಗೆ ಗೊತ್ತು. ಒಂದು ವರ್ಷದಿಂದ ದಿನಾ ಬೆಳಿಗ್ಗೆ ನಾನು ನೋಡುತ್ತಿರುವುದು ಆ ಭುಜವನ್ನೇ.

ಅವಳು ಚಿಕ್ಕಮ್ಮನ ಮಗಳು, ಪಿಯುಸಿ ಮೊದಲ ವರ್ಷ. ಬರುವ ಗುರುವಾರ ಕಾರ್ಕಳದಲ್ಲಿ ಜಿಲ್ಲಾ ಮಟ್ಟದ ಈಜು ಆಯ್ಕೆ. ಇನ್ನೂರು ಮೀಟರ್ ಫ್ರೀಸ್ಟೈಲಿನಲ್ಲಿ ಮೊದಲ ಇಬ್ಬರಿಗೆ ಮಾತ್ರ ಮುಂದಿನ ಹಂತ. ಅವಳು ಆಯ್ಕೆಯಾಗದಿದ್ದರೆ ಬೆಳಗಿನ ಈಜು ಬಿಟ್ಟು ಟ್ಯೂಷನ್‌ಗೆ ಹೋಗಬೇಕು ಎಂದು ಚಿಕ್ಕಪ್ಪ ಕಾಲೇಜು ಶುರುವಾದಾಗಲೇ ಹೇಳಿದ್ದರು. ಅವರು ಹೇಳಿದ್ದನ್ನು ಎರಡು ಸಲ ಹೇಳುವವರಲ್ಲ.

ತರಬೇತಿ ಕೊಡುವುದನ್ನು ನನಗೆ ಯಾರೂ ಕಲಿಸಿಲ್ಲ. ನಾನು ಮಣಿಪಾಲದಲ್ಲಿ ಲ್ಯಾಬ್ ಟೆಕ್ನೀಶಿಯನ್. ಈಜು ಕಲಿತದ್ದೇ ಕೆಲಸಕ್ಕೆ ಸೇರಿದ ಮೇಲೆ, ಅದೂ ಬೆನ್ನುನೋವಿಗೆಂದು. ಆಮೇಲೆ ಹುಚ್ಚು ಹಿಡಿಯಿತು. ಊಟದ ಹೊತ್ತಿನಲ್ಲಿ ಫೋನಿನಲ್ಲಿ ಈಜಿನ ವಿಡಿಯೊ, ಮಲಗುವ ಮುಂಚೆ ಈಜಿನ ವಿಡಿಯೊ. ಒಂದು ರಜೆಯಲ್ಲಿ ತಂಗಿ ನನ್ನ ಜೊತೆ ಉಡುಪಿಯ ಕೊಳಕ್ಕೆ ಬಂದಳು. ಯಾರೂ ಏನೂ ಹೇಳಿಕೊಡದೆ ಎರಡೇ ಸುತ್ತಿನಲ್ಲಿ ನನ್ನನ್ನು ಹಿಂದೆ ಹಾಕಿದಳು. ಅಂದಿನಿಂದ ನಾನು ನೀರಿನಿಂದ ಮೇಲೆ ಬಂದು ದಡದಲ್ಲಿ ನಿಂತೆ. ಅವಳು ಎರ್ಮಾಳಿನಿಂದ ಮೊದಲ ಬಸ್ಸಿಗೆ ಕಾಪುವಿಗೆ ಬರುತ್ತಾಳೆ. ಅಲ್ಲಿಂದ ನನ್ನ ಸ್ಕೂಟರಿನಲ್ಲಿ ಉಡುಪಿಗೆ. ಸಾರ್ವಜನಿಕರ ಬ್ಯಾಚ್ ಶುರುವಾಗುವ ತನಕ ಕೊಳದ ಒಂದು ಬದಿಯ ಲೇನ್ ನಮಗೆ.

ಮೊದಮೊದಲು ವಿದೇಶದ ತಂಡಗಳ ಅಭ್ಯಾಸದ ಸೆಟ್‌ಗಳನ್ನು ಇದ್ದ ಹಾಗೆಯೇ ತಂದು ಅವಳಿಂದ ಮಾಡಿಸಿದೆ. ಅವಳು ಮಾಡಿದಳು. ಮಾಡಿ ತರಗತಿಯ ಡೆಸ್ಕಿನ ಮೇಲೆ ನಿದ್ದೆ ಹೋದಳು. ವೇಗ ಮಾತ್ರ ಇದ್ದಲ್ಲೇ ಇತ್ತು. ನನಗೆ ಅರ್ಥವಾಗಲು ತಿಂಗಳುಗಳು ಬೇಕಾದವು. ಆ ಸೆಟ್ ಮಾಡುವವರು ಮಧ್ಯಾಹ್ನ ಮಲಗುತ್ತಾರೆ. ನಮ್ಮವಳು ಬ್ಯಾಗ್ ಹೊತ್ತು ಬಸ್ಸಿನಲ್ಲಿ ನಿಂತು ಮನೆಗೆ ಹೋಗುತ್ತಾಳೆ. ಎಷ್ಟು ಈಜಿದಳು ಎಂಬುದು ಮುಖ್ಯವಲ್ಲ, ಇವತ್ತು ನೀರಿನಿಂದ ಯಾವ ಒಂದು ವಿಷಯವನ್ನು ಹೊರಗೆ ತಂದಳು ಎಂಬುದು ಮುಖ್ಯ. ಹಾಗೆ ಯೋಚಿಸಲು ತೊಡಗಿದ ಮೇಲೆ ಒಂದು ದಿನ ಬರೀ ತಿರುವು, ಒಂದು ದಿನ ಬರೀ ಕಾಲು. ಒಂದು ದಿನ ಮೊದಲರ್ಧ ವೇಗ ತಡೆದು ಎರಡನೆಯ ಅರ್ಧದಲ್ಲಿ ತಡೆದದ್ದನ್ನೆಲ್ಲ ಬಿಡುವುದು. ಪ್ರತಿ ಸುತ್ತಿಗೆ ಎಷ್ಟು ಸಲ ಕೈ ಬೀಸುತ್ತಾಳೆ ಎಂದು ಎಣಿಸತೊಡಗಿದೆ. ಮೈ ಹಗುರಾಗಿರುವಾಗ ಹದಿನೆಂಟು. ದಣಿದರೆ ಕೈ ನೀರನ್ನು ಹಿಡಿಯದೆ ಜಾರುತ್ತದೆ, ಲೆಕ್ಕ ಏರುತ್ತದೆ. ಅವಳು ‘ಸುಸ್ತಿಲ್ಲ ಅಕ್ಕ’ ಎಂದು ಎಷ್ಟು ಹೇಳಿದರೂ ಏರುತ್ತದೆ.

ಇಷ್ಟೆಲ್ಲ ಕಲಿತ ಮೇಲೆ ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಕೊನೆಯ ವಾರ. ಸ್ಪರ್ಧೆ ಹತ್ತಿರ ಬಂದಂತೆ ಈಜು ಕಡಿಮೆ ಮಾಡಬೇಕು. ಈಜುಗಾರರು ಅದಕ್ಕೆ ಟೇಪರ್ ಎನ್ನುತ್ತಾರೆ. ತಿಂಗಳುಗಟ್ಟಲೆ ದಣಿದ ಮೈಗೆ ಚೇತರಿಸಿಕೊಳ್ಳಲು ಬಿಡುವು ಕೊಟ್ಟರೆ ಮಾತ್ರ ಕಲಿತದ್ದು ಹೊರಗೆ ಬರುತ್ತದೆ. ಓದುವಾಗ ಸುಲಭ. ಮಾಡಿಸುವಾಗ, ನಾವೇ ಕೈಯಾರೆ ಎಲ್ಲವನ್ನೂ ಹಾಳು ಮಾಡುತ್ತಿದ್ದೇವೆ ಎನಿಸುತ್ತದೆ. ತಂಗಿಗೂ ಹಾಗೇ ಅನಿಸಿತು. “ಮೈ ಭಾರ ಆಗುತ್ತಾ ಉಂಟು ಅಕ್ಕ. ನಾನು ದಪ್ಪ ಆದ ಹಾಗೆ” ಎಂದಳು. ಅರ್ಧ ಹೊತ್ತಿಗೇ ಅವಳು ನೀರಿನಿಂದ ಎದ್ದು ಬರುವುದನ್ನು ನೋಡಿ, ವೈದ್ಯರ ಮಾತಿನಂತೆ ದಿನಾ ನೀರಿನಲ್ಲಿ ನಡೆಯಲು ಬರುತ್ತಿದ್ದ ನಿವೃತ್ತ ಮಾಸ್ಟ್ರೊಬ್ಬರು ಕೇಳಿದರು, “ಎಂತ, ಇವತ್ತೂ ಮೀನಿಗೆ ರಜೆಯಾ?”

ಚಿಕ್ಕಮ್ಮ ಫೋನ್ ಮಾಡಿದ್ದು ಅದೇ ದಿನ ಸಂಜೆ.

“ಅಲ್ಲ ಮಾರಾಯ್ತಿ, ಪರೀಕ್ಷೆ ಹತ್ತಿರ ಬರುವಾಗ ಯಾರಾದರೂ ಪುಸ್ತಕ ಮುಚ್ಚಿಡುತ್ತಾರಾ? ಇವಳು ಮನೆಯಲ್ಲಿ ಕಾಲು ಚಾಚಿ ಮಲಗಿದ್ದಾಳೆ. ಕೇಳಿದರೆ ಅಕ್ಕ ಹೇಳಿದ್ದು ಅಂತಾಳೆ.”

“ಹೌದು ಚಿಕ್ಕಮ್ಮ, ನಾನೇ ಹೇಳಿದ್ದು.”

“ನಿನ್ನ ಚಿಕ್ಕಪ್ಪ ನೋಡುತ್ತಾ ಇದ್ದಾರೆ. ಬಾಯಿ ಬಿಡುವುದಿಲ್ಲ, ಅಷ್ಟೇ. ಆಮೇಲೆ ನನಗೆ ಹೇಳಬೇಡ.”

ಅದಾದ ಮೂರನೆಯ ದಿನ ಬಂದದ್ದು ಆ ಫೋಟೊ.

ಚಾ ಅಲ್ಲಿಯೇ ಇಟ್ಟು ಸ್ಕೂಟರ್ ತೆಗೆದೆ. ಕಾಪುವಿನಿಂದ ಎರ್ಮಾಳಿಗೆ ಹೆದ್ದಾರಿಯಲ್ಲಿ ಬಹಳ ಹೊತ್ತು ಬೇಡ, ಆದರೆ ಆ ದಿನ ಎದುರಿಗೆ ಬಂದ ಪ್ರತಿ ಲಾರಿಯೂ ನನ್ನನ್ನು ತಡೆಯಲೆಂದೇ ಬಂದ ಹಾಗಿತ್ತು. ತಂಗಿ ಅಂಗಳದ ಕಲ್ಲಿನ ಮೇಲೆ ಕೂತಿದ್ದಳು. ಅಂಗೈ ಕೆಂಪಾಗಿ ಸುಲಿದಿತ್ತು.

“ಬಲಗೈ ಎತ್ತು” ಎಂದೆ.

ಎತ್ತಿದಳು. ಕಿವಿಯ ಮಟ್ಟಕ್ಕೆ ಬರುವಷ್ಟರಲ್ಲಿ ಹುಬ್ಬು ಗಂಟಾಯಿತು.

“ಯಾಕೆ ಹೋದೆ?”

“ಎಲ್ಲರೂ ಓಡಿದರು ಅಕ್ಕ. ಬಲೆ ಭಾರ ಇತ್ತು, ಜನ ಸಾಕಾಗಲಿಲ್ಲ.”

ಒಳಗಿನಿಂದ ಚಿಕ್ಕಪ್ಪ ಬಂದರು. ಸ್ನಾನ ಮುಗಿಸಿ, ತಲೆಗೆ ಬೈರಾಸು ಸುತ್ತಿಕೊಂಡಿದ್ದರು. ನನ್ನ ಮುಖ ನೋಡಿಯೇ ವಿಷಯ ತಿಳಿಯಿತು ಎಂದು ಕಾಣುತ್ತದೆ.

“ಎಂತ, ಬೈಯಲಿಕ್ಕೆ ಬಂದದ್ದಾ?”

“ಚಿಕ್ಕಪ್ಪ, ಈ ವಾರ ಭುಜಕ್ಕೆ ಕೆಲಸ ಕೊಡಬಾರದು ಅಂತ ಹೇಳಿದ್ದೆ ನಾನು.”

“ನೀನು ಹೇಳಿದ್ದು ಈಜಬಾರದು ಅಂತ. ಈಜಲಿಲ್ಲ ಅವಳು.” ಅವರು ಮಗಳ ಕಡೆ ನೋಡಲಿಲ್ಲ. “ನೋಡು, ಅವಳ ಅಜ್ಜಿಯೂ ಹಗ್ಗ ಹಿಡಿದಿದ್ದಾರೆ ಇವತ್ತು. ಎಲ್ಲ ಮನೆಯವರು ಎಳೆಯುವಾಗ ನನ್ನ ಮಗಳು ದಡದಲ್ಲಿ ಕೂತು ನೋಡುವುದಾ? ನಾಳೆ ನಾನು ಅಲ್ಲಿ ಹೇಗೆ ನಿಲ್ಲುವುದು? ನಾಲ್ಕು ದಿನದಿಂದ ಸುಮ್ಮನೆ ಕೂತಿದ್ದಾಳೆ, ಮೈಗೆ ಸ್ವಲ್ಪ ಕೆಲಸ ಆಗಲಿ ಅಂತ ನಾನೇ ಕರೆದದ್ದು.”

ನಾನು ಅವಳ ಊಟ, ನಿದ್ದೆ, ಬಸ್ಸು ಎಲ್ಲವನ್ನೂ ಯೋಜನೆಯಲ್ಲಿ ಹಾಕಿದ್ದೆ. ಬಲೆಗೆ ಮೀನು ಬಿದ್ದರೆ ಏನು ಮಾಡಬೇಕು ಎಂದು ನಾನು ನೋಡಿದ ಯಾವ ವಿಡಿಯೊದಲ್ಲೂ ಇರಲಿಲ್ಲ.

ಸೋಮವಾರ ಕೊಳಕ್ಕೆ ಹೋಗಲಿಲ್ಲ. ಮಣಿಪಾಲದಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಗೆಳತಿಗೆ ಅವಳನ್ನು ತೋರಿಸಿದೆ. ಗೆಳತಿ ಭುಜವನ್ನು ಒತ್ತಿ, ತಿರುಗಿಸಿ, ತುಂಬ ಹೊತ್ತು ನೋಡಿದಳು. ಏನೂ ಹರಿದಿಲ್ಲ, ಸ್ನಾಯು ದಣಿದು ಬಿಗಿದಿದೆ ಎಂದಳು. ನಾನು ಉಸಿರು ಬಿಡುವಷ್ಟರಲ್ಲಿ ಮುಂದಿನದನ್ನೂ ಹೇಳಿದಳು: “ಗುರುವಾರ ಕೈ ಎತ್ತುವಾಗ ನೋವಿದ್ದರೆ ನೀರಿಗೆ ಇಳಿಸಬೇಡ. ಇಳಿಸಿದರೆ ಈ ವರ್ಷ ಇಡೀ ಹೋದೀತು.” ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ನನಗೆ ಅದೇ ಬೇಡವಾಗಿತ್ತು. ನೋವಿದೆ ಎಂದರೆ ಸ್ಪರ್ಧೆ ಇಲ್ಲ ಎಂದು ತಿಳಿದ ಮೇಲೆ ಅವಳು ನೋವಿದೆ ಎಂದು ಹೇಳುತ್ತಾಳೆಯೇ?

ಮಂಗಳವಾರದ, ಬುಧವಾರದ ಯೋಜನೆಯನ್ನು ಹೊಸದಾಗಿ ಕೂತು ಮಾಡಿದೆ. ವೇಗದ ಚಿಕ್ಕ ಸುತ್ತುಗಳನ್ನು ಇಟ್ಟಿದ್ದೆ, ಅವೆಲ್ಲ ಹೋದವು. ಮಂಗಳವಾರ ಕಾಲಿನ ಕೆಲಸ ಮಾತ್ರ. ತೇಲುವ ಬೋರ್ಡ್ ಹಿಡಿದರೂ ಭುಜ ಚಾಚಬೇಕಾಗುತ್ತದೆಂದು ಕೈಗಳನ್ನು ಪಕ್ಕದಲ್ಲೇ ಇಟ್ಟು ಅಂಗಾತ ಹೋಗಲು ಹೇಳಿದೆ. ಬುಧವಾರ ಕೆಲವೇ ಸುತ್ತು, ಉದ್ದವಾದ, ಅವಸರವಿಲ್ಲದ ಕೈ. ನಾನು ದಡದಲ್ಲಿ ಜೊತೆಗೇ ನಡೆಯುತ್ತ ಎಣಿಸಿದೆ. ಹತ್ತೊಂಬತ್ತು. ಅವಳು ಗೋಡೆ ಹಿಡಿದು ತಲೆ ಎತ್ತಿ ಕೇಳಿದಳು, “ಎಷ್ಟು?”

“ಎಣಿಸಲಿಲ್ಲ” ಎಂದೆ.

“ಬಾಯಿ ಅಲ್ಲಾಡುತ್ತಾ ಇತ್ತಲ್ಲ, ಭಜನೆ ಮಾಡಿದ್ದಾ?”

ಗುರುವಾರ ಕಡಲು ಎದ್ದಿತ್ತು, ಬಲೆ ಬಿಡುವಂತಿರಲಿಲ್ಲ. ಹಾಗಾಗಿ ಚಿಕ್ಕಪ್ಪ ತಾವೂ ಬರುವುದಾಗಿ ಹೇಳಿದರು. ಮಗಳು ಈಜುವುದನ್ನು ಅವರು ಕೊಳದಲ್ಲಿ ನೋಡಿರಲಿಲ್ಲ. ಪಡುಬಿದ್ರಿಯಿಂದ ಕಾರ್ಕಳದ ಬಸ್ಸು ಹಿಡಿದೆವು. ದಾರಿಯಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡ ರೀತಿ ನನಗೆ ಹಿಡಿಸಲಿಲ್ಲ.

ಕಾರ್ಕಳದ ಕೊಳದ ಉದ್ದ ಉಡುಪಿಯದ್ದರಷ್ಟೇ, ಇನ್ನೂರು ಮೀಟರಿಗೆ ಎಂಟು ಸುತ್ತು. ನೀರು ಮಾತ್ರ ಹೆಚ್ಚು ತಣ್ಣಗಿತ್ತು. ವಾರ್ಮ್ ಅಪ್‌ಗೆ ಎಲ್ಲ ಕಾಲೇಜಿನ ಮಕ್ಕಳೂ ಒಟ್ಟಿಗೆ ಇಳಿದರು. ಆ ಗದ್ದಲದಲ್ಲಿ ನಾನು ಒಂದೇ ನೀಲಿ ಟೋಪಿಯನ್ನು ನೋಡುತ್ತ ಎಣಿಸಿದೆ. ಹದಿನೆಂಟು. ಮತ್ತೆ ಹದಿನೆಂಟು. ಮೂರನೆಯ ಸುತ್ತಿಗೆ ಇಪ್ಪತ್ತು.

ಅವಳ ಕಾಲೇಜಿನ ಪಿ.ಟಿ. ಮಾಸ್ಟ್ರು ಪಕ್ಕಕ್ಕೆ ಬಂದು ನಿಂತರು. ಭುಜದ ವಿಷಯ ಅವರಿಗೆ ಮೊದಲೇ ಹೇಳಿದ್ದೆ.

“ಹೆಸರು ತೆಗೆಯುವುದಾದರೆ ಈಗಲೇ ಹೇಳಿಬಿಡಿ” ಎಂದರು.

ಅವಳನ್ನು ಮೇಲಕ್ಕೆ ಕರೆದೆ. ನೀರು ಸುರಿಸುತ್ತಾ ಬಂದು ನಿಂತಳು.

“ನೋವಿಲ್ಲ ಅಕ್ಕ.”

“ನಾನು ಇನ್ನೂ ಕೇಳಲಿಲ್ಲ.”

“ಕೇಳುತ್ತಿ ಅಂತ ಗೊತ್ತುಂಟು. ಬಿಗಿ ಉಂಟು. ಬಿಗಿ ಬೇರೆ, ನೋವು ಬೇರೆ. ನೀನೇ ಹೇಳಿಕೊಟ್ಟದ್ದು.”

“ಕೈ ಎತ್ತು.”

ಎತ್ತಿದಳು. ತೋಳು ಕಿವಿಗೆ ತಾಗಿತು. ಹುಬ್ಬು ಅಲ್ಲಾಡಲಿಲ್ಲ. ಆದರೆ ಅವಳು ನನ್ನನ್ನೇ ದಿಟ್ಟಿಸುತ್ತಿದ್ದಳು. ಹುಬ್ಬು ಅಲ್ಲಾಡಬಾರದು ಎಂದು ನಿರ್ಧರಿಸಿದ ಮುಖವೂ ಹಾಗೆಯೇ ಇರುತ್ತದೆ. ಇನ್ನೊಂದು ಸಲ, ನಿಧಾನವಾಗಿ, ಪಕ್ಕದಿಂದ ಎತ್ತಿಸಿದೆ. ಬೆರಳಿಟ್ಟು ಭುಜ ಮುಟ್ಟಿದೆ. ಸ್ನಾಯು ಭಾನುವಾರದಷ್ಟು ಗಟ್ಟಿಯಾಗಿರಲಿಲ್ಲ.

“ಮೊದಲ ನೂರು ಮೀಟರ್ ಕಾಲಿನಲ್ಲಿ ಹೋಗಬೇಕು” ಎಂದೆ. “ಕೈ ಉದ್ದ, ಮೆಲ್ಲಗೆ. ಎಲ್ಲರೂ ಮುಂದೆ ಹೋಗುತ್ತಾರೆ, ಹೋಗಲಿ. ನಾಲ್ಕನೆಯ ತಿರುವಿನ ತನಕ ಯಾರನ್ನೂ ನೋಡಬೇಡ. ನೋವು ಬಂದರೆ ಗೋಡೆ ಹಿಡಿದು ನಿಲ್ಲಬೇಕು. ನಿಲ್ಲದಿದ್ದರೆ ಇನ್ನು ನಾನು ನಿನ್ನ ಕೋಚ್ ಅಲ್ಲ.”

“ಆಯಿತು.”

“ಅಪ್ಪ ಕೂಗಿದರೂ.”

“ಅಪ್ಪ ಕೂಗುವುದು ಖಂಡಿತ” ಎಂದು ನಕ್ಕಳು. ಆ ವಾರ ಅವಳು ನಕ್ಕದ್ದು ಅದೊಂದೇ ಸಲ ಇರಬೇಕು.

ಸೀಟಿ ಊದಿದರು. ಅವಳು ನಾನು ಹೇಳಿದ ಹಾಗೆಯೇ ಹೋದಳು. ಎರಡನೆಯ ತಿರುವಿನಲ್ಲಿ ಐದನೆಯವಳು. ಪಕ್ಕದ ಲೇನಿನ ಮಣಿಪಾಲದ ಹುಡುಗಿ ಒಂದು ಮೈಯುದ್ದ ಮುಂದೆ ಇದ್ದಳು. ಚಿಕ್ಕಪ್ಪ ಕಂಬಿ ಹಿಡಿದು ತುಳುವಿನಲ್ಲಿ ಕೂಗತೊಡಗಿದರು. ಬಲೆ ಎಳೆಯುವಾಗ ಕಡಲನ್ನು ಮೀರಿಸಿ ಕೂಗಿ ಅಭ್ಯಾಸವಾದ ಸ್ವರ, ಇಡೀ ಕೊಳ ತಿರುಗಿ ನೋಡಿತು.

“ಇದೆಂತ, ಮಲಗಿದ್ದಾಳಾ ನೀರಿನಲ್ಲಿ?” ಎಂದು ನನ್ನ ಕಡೆ ತಿರುಗಿದರು.

“ನಾನೇ ಹೇಳಿದ್ದು ಚಿಕ್ಕಪ್ಪ.”

“ನಿಧಾನ ಹೋಗಲಿಕ್ಕೆ ಹೇಳಿಕೊಡುವ ಕೋಚ್ ನಿನ್ನನ್ನೇ ನಾನು ನೋಡಿದ್ದು.”

ನಾನು ಎಣಿಸುತ್ತಿದ್ದೆ. ಹದಿನೆಂಟು, ಹದಿನೆಂಟು. ನಾಲ್ಕನೆಯ ತಿರುವಿನಲ್ಲಿ ಅವಳ ಕಾಲು ಗೋಡೆಗೆ ಬಡಿದ ರೀತಿಯಲ್ಲೇ ತಿಳಿಯಿತು, ತಡೆದಿಟ್ಟದ್ದನ್ನು ಈಗ ಬಿಟ್ಟಳು ಎಂದು. ಒಬ್ಬಳನ್ನು ದಾಟಿದಳು. ಮತ್ತೊಬ್ಬಳನ್ನು ದಾಟಿದಳು. ಏಳನೆಯ ಸುತ್ತಿಗೆ ಮೂರನೆಯವಳು. ಚಿಕ್ಕಪ್ಪನ ಕೂಗು ನಿಂತಿತ್ತು. ಕೊನೆಯ ಸುತ್ತಿನ ಅರ್ಧದಲ್ಲಿ ಲೆಕ್ಕ ತಪ್ಪಿ ಏರಿತು. ಬಲಗೈ ನೀರಿನಿಂದ ತಗ್ಗಾಗಿ ಬರುತ್ತಿತ್ತು, ಉಸಿರಿಗೆ ತಲೆ ಹೆಚ್ಚು ತಿರುಗುತ್ತಿತ್ತು. ಕಾಲು ಮಾತ್ರ ನಿಲ್ಲಲಿಲ್ಲ. ಎರಡನೆಯವಳ ಪಕ್ಕಕ್ಕೆ ಬಂದಳು. ಇಬ್ಬರೂ ಒಟ್ಟಿಗೇ ಗೋಡೆ ಮುಟ್ಟಿದ ಹಾಗೆ ನನಗೆ ಕಂಡಿತು.

ಸ್ಟಾಪ್‌ವಾಚ್ ಹಿಡಿದವರು ತಲೆ ಸೇರಿಸಿ ಮಾತಾಡಿದರು. ಒಬ್ಬರು ಇನ್ನೊಬ್ಬರ ಗಡಿಯಾರವನ್ನು ಬಗ್ಗಿ ನೋಡಿದರು. ತಂಗಿ ನೀರಿನಲ್ಲೇ ನಿಂತು ಎಡಗೈಯಿಂದ ಲೇನಿನ ಹಗ್ಗ ಹಿಡಿದುಕೊಂಡಿದ್ದಳು. ಪಿ.ಟಿ. ಮಾಸ್ಟ್ರು ನಮ್ಮ ಕಡೆ ಬರುವಾಗಲೇ ಅವರ ನಡಿಗೆಯಲ್ಲಿ ನನಗೆ ಗೊತ್ತಾಯಿತು.

“ಮೂರು” ಎಂದರು. “ಒಂದು ಅಂಗೈಯಷ್ಟು ಹಿಂದೆ.”

ಬಸ್ಸಿನಲ್ಲಿ ನಾನು ಅವಳ ಭುಜಕ್ಕೆ ತಣ್ಣನೆಯ ನೀರಿನ ಬಾಟಲಿ ಒತ್ತಿ ಹಿಡಿದಿದ್ದೆ. ಬೆಳ್ಮಣ್ಣು ದಾಟಿದ ಮೇಲೆ ಮುಂದಿನ ಸೀಟಿನಿಂದ ಚಿಕ್ಕಪ್ಪ ತಿರುಗದೆಯೇ ಹೇಳಿದರು, “ಸೋಮವಾರದಿಂದ ಟ್ಯೂಷನ್.”

ತಂಗಿ ಮುಂದಿನ ಸೀಟಿನ ಕಡೆಗೆ ಬಾಗಿದಳು.

“ಕಳೆದ ತಿಂಗಳು ಬಲೆ ಎಷ್ಟು ಸಲ ಖಾಲಿ ಬಂತು ಅಪ್ಪ?”

“ಅದು ಬೇರೆ.”

“ಬಲೆ ಮಾರಿದಿರಾ?”

“ಬಾಯಿ ಜಾಸ್ತಿಯಾಯಿತು ನಿನ್ನದು.”

“ಭಾನುವಾರ ನೀವು ಕರೆದಿರಿ, ನಾನು ಬಂದೆ. ಇಲ್ಲ ಹೇಳಿದೆನಾ?”

ಅವಳು ಅದನ್ನು ದೂರಿನ ಹಾಗೆ ಹೇಳಲಿಲ್ಲ. ಆದರೂ ಚಿಕ್ಕಪ್ಪನ ಕುತ್ತಿಗೆ ಕೆಂಪಾಯಿತು. ನನಗೆ ಬಾಟಲಿಯನ್ನು ಎಲ್ಲಿ ಇಡುವುದೆಂದು ತಿಳಿಯಲಿಲ್ಲ. ಮುಂದೆ ಪಡುಬಿದ್ರಿಯ ತನಕ ಅವರು ಹೊರಗಿನ ರಸ್ತೆಯನ್ನೇ ನೋಡುತ್ತಿದ್ದರು.

ಪಡುಬಿದ್ರಿಯಲ್ಲಿ ಉಡುಪಿಯ ಬಸ್ಸಿಗೆ ಕಾಯುವಾಗ ನನ್ನನ್ನು ಪಕ್ಕಕ್ಕೆ ಕರೆದರು.

“ಕೊನೆಗೆ ಅವಳು ಆ ಇಬ್ಬರನ್ನು ದಾಟಿದ್ದು, ಅದೂ ನೀನು ಹೇಳಿದ್ದಾ?”

“ಹೌದು. ಅದಕ್ಕೇ ಮೊದಲು ತಡೆದದ್ದು.”

“ಹ್ಞಾಂ” ಎಂದರು. ಬಸ್ಸು ಬರುವ ಕಡೆ ನೋಡುತ್ತ, “ವಾರಕ್ಕೆ ಮೂರು ದಿನ. ಉಳಿದ ದಿನ ಟ್ಯೂಷನ್. ಮೂರು ದಿನದಲ್ಲಿ ಆಗುತ್ತದಾ ನಿನ್ನ ಕೋಚಿಂಗ್?”

ಆರು ದಿನದಲ್ಲೇ ಆಗಿರಲಿಲ್ಲ.

“ಆಗುತ್ತದೆ” ಎಂದೆ.

ತಂಗಿ ದೂರದಿಂದಲೇ ನನ್ನ ಮುಖ ನೋಡಿದಳು. ನಾನು ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಯಿತು. ಬಸ್ಸು ಬಂತು. ಎರ್ಮಾಳಿನಲ್ಲಿ ಅವರಿಬ್ಬರೂ ಇಳಿದರು. ನಾನು ಸೀಟಿನಲ್ಲಿ ಮೂರು ದಿನದ ಲೆಕ್ಕಕ್ಕೆ ಕೂತೆ. ಕಾಲಿಗೆ ಒಂದು ದಿನ ಬೇಕೇ ಬೇಕು, ಮೊದಲರ್ಧ ತಡೆದು ಆಮೇಲೆ ಬಿಡುವುದಕ್ಕೆ ಒಂದು ದಿನ ಬೇಕು. ಹಾಗಾದರೆ ತಿರುವಿಗೂ ವೇಗಕ್ಕೂ ಉಳಿಯುವುದು ಒಂದೇ ದಿನ. ಆರು ದಿನದ್ದನ್ನು ಮೂರಕ್ಕೆ ತುರುಕಿದರೆ ಅವಳು ಮತ್ತೆ ಡೆಸ್ಕಿನ ಮೇಲೆ ಮಲಗುತ್ತಾಳೆ. ತಿರುವನ್ನು ಬಿಟ್ಟೆ. ಉಚ್ಚಿಲ ಬರುವಾಗ ಅದನ್ನು ಮತ್ತೆ ಸೇರಿಸಿ, ವೇಗವನ್ನು ಬಿಟ್ಟೆ.