ವಾಮದೇವಪ್ಪನವರಿಗೆ ಬೇಕಾಗಿದ್ದ ಒಬ್ಬ ರೋಗಿ

ಚುನಾವಣೆಯಲ್ಲಿ ಸೋತ ಮೇಲೆ ಡಾಕ್ಟರ್ ವಾಮದೇವಪ್ಪನವರು ಹರಿಹರದ ತಮ್ಮ ಹಳೆಯ ಕ್ಲಿನಿಕ್ಕಿನ ಬಾಗಿಲು ಮತ್ತೆ ತೆಗೆದರು. ಗೋಡೆಗೆ ಸುಣ್ಣ ಹೊಡೆಸಿದರು, ಹೊಸ ಫ್ಯಾನು ಹಾಕಿಸಿದರು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಮನೆಯಿಂದ ದಿನಾ ಬೆಳಿಗ್ಗೆ ಹೊರಟು ಬಂದು, ಕುರ್ಚಿಯಲ್ಲಿ ಕೂತು ಕಾದರು. ಜನ ಬರಲಿಲ್ಲ ಅಂತಲ್ಲ, ಬೇಕಾದಷ್ಟು ಜನ ಬಂದರು. ಆದರೆ ಒಬ್ಬರಿಗೂ ಕಾಯಿಲೆ ಇರಲಿಲ್ಲ.

ಒಬ್ಬನಿಗೆ ಅಳಿಯನ ವರ್ಗಾವಣೆ ಆಗಬೇಕಿತ್ತು, ಇನ್ನೊಬ್ಬನಿಗೆ ಮಗಳಿಗೆ ಹಾಸ್ಟೆಲ್ ಸೀಟು ಬೇಕಿತ್ತು. ಪಕ್ಷದ ಹುಡುಗರು ಪೇಪರ್ ಹಾಸಿಕೊಂಡು ಮಂಡಕ್ಕಿ ಮಿರ್ಚಿ ತಿನ್ನುತ್ತಾ, ಮುಂದಿನ ಸಲ ಟಿಕೆಟ್ ಯಾರಿಗೆ ಎಂದು ಲೆಕ್ಕ ಹಾಕುತ್ತಿದ್ದರು. ನಿಜವಾಗಿ ಜ್ವರ ಬಂದವರು ಕ್ಲಿನಿಕ್ಕಿನ ಮುಂದೆಯೇ ತಲೆ ತಗ್ಗಿಸಿಕೊಂಡು ಮುಂದೆ ಹೋಗುತ್ತಿದ್ದರು. ಎದುರು ಪಕ್ಷದ ಮನೆಯವನೊಬ್ಬ ಆ ಮೆಟ್ಟಿಲು ಹತ್ತಿದರೆ ಸಂಜೆಯೊಳಗೆ ಇಡೀ ಓಣಿಗೆ ಅವನು ಪಕ್ಷ ಬಿಟ್ಟ ಸುದ್ದಿ ಹಬ್ಬುತ್ತಿತ್ತು. ನೆಗಡಿ ಆದವನಿಗೆ ಆ ಉಸಾಬರಿ ಯಾಕೆ? ಒಮ್ಮೆ ಬಾಡಿದ ಮುಖದ ಮುದುಕರೊಬ್ಬರು ಬಂದು ಎದುರಿಗೆ ನಿಂತರು. ಡಾಕ್ಟರು ಆಸೆಯಿಂದ ನಾಡಿ ಹಿಡಿಯಲು ಕೈ ಚಾಚಿದರು. ಆ ಮುದುಕರು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಕುಲುಕಿ, ವೃದ್ಧಾಪ್ಯ ವೇತನದ ಅರ್ಜಿ ಕೊಟ್ಟರು.

ವಾಮದೇವಪ್ಪನವರಿಗೆ ಊರಿನ ಎಲ್ಲ ರೋಗಿಗಳೂ ಬೇಕಾಗಿರಲಿಲ್ಲ. ಒಬ್ಬರು ಬಂದಿದ್ದರೆ ಸಾಕಿತ್ತು. ಹಿಂದಿನ ಓಣಿಯ ಹುಸೇನ್ ಸಾಬ್ ಒಂದು ಸಲ ಬಂದು ಎದುರಿನ ಸ್ಟೂಲಿನ ಮೇಲೆ ಕೂತು ಕೆಮ್ಮಿದ್ದರೆ ತಾನು ಮತ್ತೆ ಡಾಕ್ಟರಾದೆ ಎಂದು ಅವರು ನಂಬುತ್ತಿದ್ದರು.

ಹುಸೇನ್ ಸಾಬ್ ಹತ್ತಿ ಹಿಂಜಿ ಗಾದಿ ಹೊಲಿಯುವವರು. ವಾಮದೇವಪ್ಪನವರು ಕಡರನಾಯಕನಹಳ್ಳಿಯಿಂದ ಹೊಸ ಡಾಕ್ಟರಾಗಿ ಬಂದು ಬೋರ್ಡು ತೂಗುಹಾಕಿದ ವಾರದಲ್ಲೇ ಹುಸೇನ್ ಸಾಬ್ ಮೊದಲ ರೋಗಿಯಾಗಿ ಬಂದಿದ್ದರು. ಹತ್ತಿಯ ಧೂಳು ಕುಡಿದ ಎದೆ, ಮಳೆಗಾಲ ಬಂತೆಂದರೆ ಗೊರಗೊರ. ಔಷಧಿ ಬರೆಸಿಕೊಂಡ ಮೇಲೂ ಏಳುತ್ತಿರಲಿಲ್ಲ. ಊರಿನ ಸುದ್ದಿಯನ್ನೆಲ್ಲ ಹೇಳಿ, ಡಾಕ್ಟರ ಟೀ ಕುಡಿದು, ಹೊರಗೆ ಕಾಯುವವರು ಬೈಯಲು ಶುರುಮಾಡಿದ ಮೇಲೆ ಹೋಗುತ್ತಿದ್ದರು. ವಾಮದೇವಪ್ಪನವರು ರಾಜಕೀಯಕ್ಕೆ ಬಂದದ್ದೂ ಅವರ ಮಾತಿನಿಂದಲೇ. ಪ್ರತಿ ಮಳೆಗಾಲ ಅದೇ ಓಣಿಯ ಅದೇ ಮಕ್ಕಳು ವಾಂತಿ ಭೇದಿ ಎಂದು ಬರುತ್ತಿದ್ದವು. ಡಾಕ್ಟರು ಚರಂಡಿಯನ್ನು ಬೈದುಕೊಂಡು ಸೂಜಿ ಚುಚ್ಚುತ್ತಿದ್ದರು. ಔಷಧಿ ನಿಮ್ಮ ಕೈಯಲ್ಲಿದೆ, ಚರಂಡಿ ನಗರಸಭೆ ಕೈಯಲ್ಲಿದೆ, ಅಲ್ಲಿ ಹೋಗಿ ಕೂಡ್ರಿ ಎಂದು ಹುಸೇನ್ ಸಾಬ್ ಹೇಳಿದ್ದರು.

ಹೋಗಿ ಕೂತರು. ಸದಸ್ಯರಾದರು, ಅಧ್ಯಕ್ಷರಾದರು. ಚರಂಡಿ ಆಯಿತು, ನಲ್ಲಿ ನೀರು ಬಂತು, ಮಕ್ಕಳ ಭೇದಿ ನಿಂತಿತು. ಒಬ್ಬ ಡಾಕ್ಟರು ಜೀವಮಾನದಲ್ಲಿ ಬರೆಯುವ ಔಷಧಿಗಿಂತ ದೊಡ್ಡ ಕೆಲಸ ಅದು, ಅದನ್ನು ಅಲ್ಲಗಳೆಯಬಾರದು. ಆಮೇಲೆ ಪಕ್ಷದವರು ವಿಧಾನಸಭೆಗೆ ನಿಲ್ಲಿಸಿದರು, ಗೆದ್ದರು. ಕ್ಲಿನಿಕ್ಕಿಗೆ ಬೀಗ ಬಿತ್ತು. ಸದನದಲ್ಲಿ ಎದುರು ಸಾಲಿನವರು ಎದ್ದು ಗದ್ದಲ ಮಾಡುವಾಗ ಇವರ ಕಣ್ಣು ಮಾತ್ರ ಅವರ ಊದಿಕೊಂಡ ಪಾದದ ಮೇಲಿರುತ್ತಿತ್ತು. ಹೆಂಡತಿ ಅನ್ನಪೂರ್ಣಮ್ಮನಿಗೆ ಫೋನು ಮಾಡಿದಾಗೆಲ್ಲ, ಅವಧಿ ಮುಗಿದ ಮೇಲೆ ಕ್ಲಿನಿಕ್ಕು ತೆಗೆಯುತ್ತೇನೆ ಎನ್ನುತ್ತಿದ್ದರು. ಆಕೆ ಹೂಂ ಅನ್ನುತ್ತಿದ್ದರು, ನಂಬುತ್ತಿರಲಿಲ್ಲ.

ಈಗ ಕ್ಲಿನಿಕ್ಕು ತೆಗೆದಾಗಿತ್ತು, ಹುಸೇನ್ ಸಾಬ್ ಬರಲಿಲ್ಲ. ಅವರು ಕೆಮ್ಮಿಗೆ ಬಸ್ಸು ಹತ್ತಿ ದಾವಣಗೆರೆಗೆ, ಸ್ನೇಹಾ ಎಂಬ ಹೊಸ ಡಾಕ್ಟರ ಹತ್ತಿರ ಹೋಗುತ್ತಾರೆಂದು ಸುದ್ದಿ ಬಂತು. ಆ ಕ್ಲಿನಿಕ್ಕು ವಾಮದೇವಪ್ಪನವರ ಮನೆಯಿಂದ ಎರಡು ರಸ್ತೆ ಆಚೆಗಿತ್ತು. ಚುನಾವಣೆಯ ಸೋಲು ಕೂಡ ಅವರನ್ನು ಇಷ್ಟು ನೋಯಿಸಿರಲಿಲ್ಲ.

ಒಂದು ಮಧ್ಯಾಹ್ನ ಅವರು ಸ್ಟೆತಾಸ್ಕೋಪನ್ನು ಬ್ಯಾಗಿಗೆ ಹಾಕಿಕೊಂಡು ತಾವೇ ಓಣಿಗೆ ನಡೆದರು. ಹೋಗಬಾರದ ಸಮಯ ಅದು. ಮತ್ತೆ ಚುನಾವಣೆಯ ಮಾತು ಎದ್ದಿತ್ತು, ಟಿಕೆಟ್ಟಿಗೆ ಇವರ ಹೆಸರೂ ಓಡಾಡುತ್ತಿತ್ತು. ಮೂಲೆಯ ಅಂಗಡಿಯ ಅಲ್ಲಾಬಕ್ಷ್ ಇವರನ್ನು ಕಂಡದ್ದೇ ಪ್ಲಾಸ್ಟಿಕ್ ಕುರ್ಚಿ ಹೊರಗೆ ತಂದ. ಹುಸೇನ್ ಸಾಬ್ ಮನೆ ಮುಟ್ಟುವಷ್ಟರಲ್ಲಿ ಹಿಂದೆ ಒಂದು ಸಣ್ಣ ಮೆರವಣಿಗೆಯೇ ಆಗಿತ್ತು. ಯಾರೋ ಶಾಲು ಹುಡುಕಲು ಓಡಿದರು. ಓಟು ಕೇಳಲು ಬಂದಿಲ್ಲ ಎಂದು ವಾಮದೇವಪ್ಪನವರು ಕೈ ಮುಗಿದು ಹೇಳಿದರು. ಎಲ್ಲರೂ ನಕ್ಕರು. ಓಟು ಕೇಳಲು ಬಂದವರೆಲ್ಲ ಮೊದಲು ಹೇಳುವುದು ಅದನ್ನೇ.

ಹುಸೇನ್ ಸಾಬ್ ಸೊರಗಿದ್ದರು. "ಬರ್ರಿ ಸಾಹೇಬ್ರೇ, ಕೂಡ್ರಿ," ಎಂದು ಕುರ್ಚಿ ಒರೆಸಿದರು. ಮೊದಲು ಅವರ ಬಾಯಲ್ಲಿ ಸಾಹೇಬ್ರೇ ಅನ್ನುವ ಮಾತೇ ಇರಲಿಲ್ಲ, ಡಾಕ್ಟ್ರೇ ಅನ್ನುತ್ತಿದ್ದರು. ಓಣಿಯ ಓಟಿನ ಬಗ್ಗೆ ಚಿಂತೆ ಬೇಡ ಎಂದೂ ಹೇಳಿದರು. ಅವರ ಹೆಂಡತಿ ಶಹಜಾದಿ ಬಾಗಿಲಲ್ಲಿ ನಿಂತು ಇವರ ಮುಖವನ್ನು ನೋಡಿದರು, ಬ್ಯಾಗಿನ ಬಾಯಿಂದ ಇಣುಕುತ್ತಿದ್ದ ರಬ್ಬರಿನ ಕೊಳವೆಯನ್ನು ನೋಡಿದರು. ಆಮೇಲೆ ಜನರನ್ನೆಲ್ಲ ಆಚೆ ಕಳಿಸಿ ಕದ ಹಾಕಿದರು.

ನನ್ನ ಹತ್ತಿರ ಯಾಕೆ ಬರುವುದಿಲ್ಲ ಎಂದು ವಾಮದೇವಪ್ಪನವರು ನೇರವಾಗಿಯೇ ಕೇಳಿದರು. ಹುಸೇನ್ ಸಾಬ್ ನೆಲ ನೋಡಿದರು. ನೀವು ದೊಡ್ಡವರಾದಿರಿ, ತೊಂದರೆ ಯಾಕೆ ಕೊಡಬೇಕು ಎಂದು ಏನೋ ಅಂದರು.

"ಸುಳ್ ಹೇಳ್ಬ್ಯಾಡ್ರಿ," ಅಂದರು ಶಹಜಾದಿ ಗಂಡನಿಗೆ. ಆಮೇಲೆ ಡಾಕ್ಟರ ಕಡೆ ತಿರುಗಿದರು. "ನೀವು ಎಮ್ಮೆಲ್ಲೆ ಇದ್ದಾಗ ಎದೆ ಫೋಟೋ ತಗಂಡು ನಿಮ್ ಮನೀಗೆ ಬಂದಿದ್ರು. ನೀವು ಅದರ ಮ್ಯಾಲೆ ಸೈನ್ ಹಾಕಿ ಕಳ್ಸಿದ್ರಿ."

ವಾಮದೇವಪ್ಪನವರಿಗೆ ಅರ್ಥವಾಗಲಿಲ್ಲ. ಶಹಜಾದಿ ಟ್ರಂಕಿನಿಂದ ದೊಡ್ಡ ಕಂದು ಲಕೋಟೆಯೊಂದನ್ನು ತಂದು ಕೈಗೆ ಕೊಟ್ಟರು. ಎಕ್ಸ್‌ರೇ ಲಕೋಟೆ. ಮೇಲೆ ಹಸಿರು ಶಾಯಿಯಲ್ಲಿ ಅವರದೇ ಅಕ್ಷರ: ಪರಿಶೀಲಿಸಿ ಕ್ರಮ ಕೈಗೊಳ್ಳಿ. ಕೆಳಗೆ ಅವರದೇ ಸಹಿ.

ಆ ಬೆಳಿಗ್ಗೆ ಅವರಿಗೆ ನೆನಪಿರಲಿಲ್ಲ. ಅಂಥ ಬೆಳಿಗ್ಗೆಗಳು ಮಾತ್ರ ನೆನಪಿದ್ದವು. ಮನೆಯ ಮುಂದೆ ಜನ, ಕಾರು ಸ್ಟಾರ್ಟಾಗಿ ನಿಂತಿದೆ, ಚಾಚಿದ ಕೈಯಲ್ಲೆಲ್ಲ ಅರ್ಜಿ. ಆಪ್ತ ಸಹಾಯಕ ಪೆನ್ನು ಕೊಟ್ಟ ಹಾಗೆಲ್ಲ ಇವರು ಅದೇ ಮೂರು ಪದ ಬರೆದು, ಆಗುತ್ತೆ ಬಿಡಿ ಎಂದು ವಾಪಸ್ಸು ಕೊಡುವುದು. ಉಸಿರು ಸಿಕ್ಕದೆ ನಿಂತಿದ್ದ ಹುಸೇನ್ ಸಾಬ್ರಿಗೂ ಆಗುತ್ತೆ ಬಿಡಿ ಅಂದಿರಬೇಕು. ಇದನ್ನು ಎದುರು ಪಕ್ಷದವರ ಕೈಗೆ ಕೊಟ್ಟಿದ್ದರೆ ಊರೆಲ್ಲ ಪೋಸ್ಟರು ಅಂಟುತ್ತಿತ್ತು. ಹುಸೇನ್ ಸಾಬ್ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಕೆಮ್ಮುತ್ತಲೇ ಇವರ ಪರವಾಗಿ ಮನೆಮನೆಗೆ ಹೋಗಿ ಓಟು ಕೇಳಿದ್ದರು.

"ನಿಮ್ಮ ಮುಂದ ಕೂತ್ರ ಇದನ್ನ ಹೇಳಬೇಕಾಗ್ತಿತ್ತು," ಅಂದರು ಹುಸೇನ್ ಸಾಬ್. "ಹೇಳಿದ್ರ ನೊಂದ್ಕಂತಿದ್ರಿ. ಅದಕ್ಕ ಬರ್ಲಿಲ್ಲ."

ವಾಮದೇವಪ್ಪನವರು ಬ್ಯಾಗಿನಿಂದ ಸ್ಟೆತಾಸ್ಕೋಪ್ ತೆಗೆದು, ಅಂಗಿ ಎತ್ತಲು ಹೇಳಿದರು. ಹುಸೇನ್ ಸಾಬ್ ಹಳೆಯ ಅಭ್ಯಾಸದಂತೆ ಬೆನ್ನು ತಿರುಗಿಸಿ ಕೂತು, ಕೇಳುವ ಮೊದಲೇ ಜೋರಾಗಿ ಉಸಿರೆಳೆದರು.

ವಾಮದೇವಪ್ಪನವರು ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಬೆನ್ನಿಗೆ ಒತ್ತಿದರು. ಹೊರಗಿನ ಗುಜುಗುಜು ಕೇಳಿಸಿತು. ಪಕ್ಕದ ಮನೆಯ ಕುಕ್ಕರು ಕೂಗಿದ್ದು ಕೇಳಿಸಿತು. ಎದೆಯ ತಳದಲ್ಲಿ ಇರಬಹುದಾದ, ಇಲ್ಲದೆಯೂ ಇರಬಹುದಾದ ಸಣ್ಣ ಸದ್ದು ಮಾತ್ರ ಕೇಳಿಸಲಿಲ್ಲ. ಬಿಲ್ಲೆಯನ್ನು ಕೆಳಗೆ ಸರಿಸಿದರು, ಪಕ್ಕಕ್ಕೆ ಸರಿಸಿದರು. ಎಷ್ಟು ವರ್ಷದ ತಮಟೆ, ಎಷ್ಟು ಪಟಾಕಿ ಸರ, ಎಷ್ಟು ವೇದಿಕೆಯ ಮೇಲೆ ಸ್ಪೀಕರಿನ ಪಕ್ಕದ ಕುರ್ಚಿ. ವಯಸ್ಸೂ ಸೇರಿತ್ತು. ಅಂಥ ಸಣ್ಣ ಸದ್ದು ಹಿಡಿಯುವ ಕಿವಿ ಯಾವಾಗ ಹೋಯಿತೆಂದು ಅವರಿಗೇ ಗೊತ್ತಾಗಿರಲಿಲ್ಲ.

ಹುಸೇನ್ ಸಾಬ್ ತಿರುಗಿ ನೋಡಿದರು. ಮುಖದಲ್ಲಿ ಅನುಮಾನವೇ ಇರಲಿಲ್ಲ.

"ಏನೈತೆ ಡಾಕ್ಟ್ರೇ?"

ಆ ಮಾತಿಗಾಗಿ ವಾಮದೇವಪ್ಪನವರು ಎಷ್ಟು ಹಂಬಲಿಸಿದ್ದರೆಂದು ಅವರಿಗೊಬ್ಬರಿಗೇ ಗೊತ್ತು. ಏನಿಲ್ಲ, ಧೂಳಿನ ಕೆಮ್ಮು, ಈ ಮಾತ್ರೆ ತಗೊಂಡು ಮುಂದಿನ ವಾರ ಬನ್ನಿ ಅಂದಿದ್ದರೆ ಸಾಕಿತ್ತು. ಈ ಮನುಷ್ಯ ಕಣ್ಣು ಮುಚ್ಚಿ ನುಂಗಿ, ಮುಂದಿನ ವಾರ ಬಂದು ಸ್ಟೂಲಿನ ಮೇಲೆ ಕೂತು, ಟೀ ಕುಡಿದು ಹೋಗುತ್ತಿದ್ದರು. ಹಾಗೆ ಹೇಳಲು ಅವರಿಗೆ ಬಹಳ ಆಸೆಯಾಯಿತು.

"ನನಗ ಕೇಳಿಸ್ತಿಲ್ಲ ಹುಸೇನ್ ಸಾಬ್ರೇ," ಅಂದರು. "ಕಿವಿ ಹೋಗೈತೆ. ನಾಳೆ ಆ ಡಾಕ್ಟ್ರಮ್ಮನ ಹತ್ರಾನೇ ಹೋಗಣ, ನಾನೂ ಬರ್ತೀನಿ."

ಹುಸೇನ್ ಸಾಬ್ ಅಂಗಿ ಇಳಿಬಿಟ್ಟರು. ಕಾರು ಬೇಡ, ಬಸ್ಸಿಗೆ ಹೋಗೋಣ ಎಂದಷ್ಟೇ ಹೇಳಿದರು.

ಮರುದಿನ ಸ್ನೇಹಾಳ ಕ್ಲಿನಿಕ್ಕಿನಲ್ಲಿ ಇಬ್ಬರೂ ಸಾಲಿನಲ್ಲಿ ಕೂತರು. ರೋಗಿಯ ಜೊತೆಗೆ ಯಾರು ಬಂದಿದ್ದೀರಿ ಎಂದು ನರ್ಸು ಕೇಳಿದಾಗ ವಾಮದೇವಪ್ಪನವರು ಎದ್ದು ಒಳಗೆ ಹೋದರು. ಸ್ನೇಹಾ ಅವರ ಗುರುತು ಹಿಡಿದು ಗಡಬಡಿಸಿ ಎದ್ದಳು. ಅವರು ಕೈಸನ್ನೆ ಮಾಡಿ ಕೂರಿಸಿದರು. ಅವಳು ಹುಸೇನ್ ಸಾಬ್ರ ಬೆನ್ನಿಗೆ ಬಿಲ್ಲೆ ಇಟ್ಟಳು. ಇಷ್ಟು ವರ್ಷ ರೋಗಿಗಳ ಮನೆಯವರು ತಮ್ಮ ಮುಖವನ್ನು ನೋಡುತ್ತಿದ್ದಂತೆಯೇ ವಾಮದೇವಪ್ಪನವರು ಅವಳ ಮುಖವನ್ನು ನೋಡುತ್ತಾ ಕೂತರು.

ಅವಳು ಒಂದು ಕಡೆ ಬಿಲ್ಲೆ ನಿಲ್ಲಿಸಿದಳು, ಅಲ್ಲೇ ಮತ್ತೆ ಕೇಳಿದಳು. ಎರಡೂ ಕಡೆ ತಳದಲ್ಲಿ ಸದ್ದಿದೆ, ಸ್ಕ್ಯಾನ್ ಮಾಡಿಸಬೇಕು, ಔಷಧಿ ಬದಲಿಸಬೇಕು, ಇನ್ನು ಹತ್ತಿ ಮುಟ್ಟಬಾರದು ಎಂದಳು. ಆಮೇಲೆ ಮರ್ಯಾದೆಗೆ ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದು ಅವರ ಕಡೆ ಚಾಚಿ, ನೀವೂ ಒಮ್ಮೆ ನೋಡುತ್ತೀರಾ ಸರ್ ಎಂದು ಕೇಳಿದಳು. ವಾಮದೇವಪ್ಪನವರ ಕೈ ಅರ್ಧ ಮುಂದೆ ಹೋಗಿ ನಿಂತಿತು.

"ಬ್ಯಾಡಮ್ಮ," ಅಂದರು. "ಹೆಂಗೆ ಕೇಳಿಸ್ತೈತೆ, ನೀನೇ ಹೇಳು."

ಇಂಥ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ, ಕಿವಿಯ ಪಕ್ಕದ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ತೋರಿಸಿದಳು. ಹೀಗೆ ಸರ್, ಬಹಳ ಸಣ್ಣಗೆ, ಎಂದಳು. ವಾಮದೇವಪ್ಪನವರು ತಮ್ಮ ಕಿವಿಯ ಪಕ್ಕದ ನರೆತ ಕೂದಲನ್ನು ಹಿಡಿದು ಹಾಗೆಯೇ ಉಜ್ಜಿಕೊಂಡು, ತಲೆ ಬಗ್ಗಿಸಿ ಬಹಳ ಹೊತ್ತು ಆಲಿಸಿದರು. ಹುಸೇನ್ ಸಾಬ್ ಗುಂಡಿ ಹಾಕುವುದನ್ನು ಬಿಟ್ಟು, ಅವರಿಗೆ ಕೇಳಿಸಲೆಂದು ಉಸಿರು ಬಿಗಿಹಿಡಿದು ಕೂತಿದ್ದರು.